ಗುರುವಾರ ಮಲಗುವ ಕೊಡಗಳು

ನಮ್ಮ ಬೆಡ್‌ರೂಮಿನ ಗೋಡೆಗೆ ಒಂದು ಹಸಿರು ಬೆಡ್‌ಶೀಟು ವರ್ಷವಿಡೀ ನೇತಾಡುತ್ತಿರುತ್ತದೆ. ಬಂದ ನೆಂಟರು ಒಗೆದು ಒಣಹಾಕಿದ್ದೆಂದು ತಿಳಿಯುತ್ತಾರೆ. ಅದು ನನ್ನ ಸ್ಟುಡಿಯೊ. ಅದರ ಮುಂದೆ ನಿಂತು ನಾನು ಕೈ ತೊಳೆಯುವುದು ಹೇಗೆ, ಕೆಮ್ಮುವಾಗ ಬಾಯಿಗೆ ಏನು ಅಡ್ಡ ಹಿಡಿಯಬೇಕು, ನೀರು ಎಷ್ಟು ಹೊತ್ತು ಕುದಿಸಬೇಕು ಎಂದೆಲ್ಲ ಮೊಬೈಲಿಗೆ ಪಾಠ ಹೇಳುತ್ತೇನೆ. ಸೋಂಕು ರೋಗ ಬರದಂತೆ ಏನು ಮಾಡಬೇಕೆಂದು ಜನರಿಗೆ ಫೋನಿನಲ್ಲೇ ತಿಳಿಸಿಕೊಡುವ ಒಂದು ಸಣ್ಣ ಸಂಸ್ಥೆಯ ಕನ್ನಡ ವಿಭಾಗದಲ್ಲಿ ನನಗೆ ಕೆಲಸ. ತೆಲುಗಿಗೆ ಒಂದು ತಂಡವಿದೆ, ಹಿಂದಿಗೆ ಒಂದು ತಂಡವಿದೆ. ಕನ್ನಡ ವಿಭಾಗವೆಂದರೆ ನಾನು, ಬೆಡ್‌ಶೀಟು, ಮತ್ತು ಶೂಟಿಂಗ್ ಶುರುವಾದ ಕೂಡಲೇ ಕೂಗುವ ನಮ್ಮ ಕುಕ್ಕರ್.

ಹೈದರಾಬಾದಿನಲ್ಲಿ ಕನ್ನಡದಲ್ಲಿ ಹೇಳಿದರೆ ಕೇಳುವವರು ಯಾರು ಎಂದು ಕೆಲವರು ನಗುತ್ತಾರೆ. ಅಂಥವರನ್ನು ನಾನು ಬಾಲ್ಕನಿಗೆ ಕರೆದುಕೊಂಡು ಹೋಗುತ್ತೇನೆ. ದಿಲ್‌ಸುಖ್‌ನಗರದ ನಮ್ಮ ಗಲ್ಲಿಯ ಎದುರು ಒಂದು ದೊಡ್ಡ ಕಟ್ಟಡ ಏಳುತ್ತಿದೆ. ಅದರ ಪಕ್ಕದಲ್ಲಿ ತಗಡಿನ ಶೆಡ್ಡುಗಳ ಸಾಲು. ಅಲ್ಲಿರುವವರೆಲ್ಲ ಯಾದಗಿರಿ, ರಾಯಚೂರು ಕಡೆಯವರು. ಬೆಳಗಾದರೆ ಅಲ್ಲಿಂದ ಕೇಳುವ ಬೈಗುಳ, ನಗು, ಮಕ್ಕಳನ್ನು ಕರೆಯುವ ಕೂಗು ಎಲ್ಲವೂ ಅಚ್ಚ ಕನ್ನಡ. ಈ ಊರಿನ ಎಷ್ಟೋ ಗೋಡೆಗಳ ಸಿಮೆಂಟು ಕನ್ನಡ ಕೇಳಿಸಿಕೊಂಡೇ ಗಟ್ಟಿಯಾಗಿದೆ ಎಂದು ಹೇಳಿ ಒಳಗೆ ಬರುತ್ತೇನೆ. ಆಮೇಲೆ ಅವರು ನಗುವುದಿಲ್ಲ.

ನನ್ನ ಅತ್ತೆ ಮಾತ್ರ ನನ್ನ ಕೆಲಸವನ್ನು ಕೆಲಸವೆಂದು ಒಪ್ಪಿರಲಿಲ್ಲ. ಮಾವನವರು ಸರ್ಕಾರಿ ನೌಕರಿಯಲ್ಲಿದ್ದವರು. ಆಫೀಸೆಂದರೆ ಊಟದ ಡಬ್ಬಿ ಹಿಡಿದು ಅಬಿಡ್ಸ್‌ಗೆ ಬಸ್ಸಿನಲ್ಲಿ ಹೋಗುವುದು ಎಂದು ಅತ್ತೆ ಜೀವನಪೂರ್ತಿ ನೋಡಿದ್ದರು. ಮಾವನವರು ತೀರಿಹೋಗಿ ಕೆಲವು ವರ್ಷಗಳಾಗಿವೆ, ಆದರೆ ಅವರ ಡಬ್ಬಿ ಇನ್ನೂ ಅಡಿಗೆಮನೆಯ ಮೇಲಿನ ಹಲಗೆಯಲ್ಲಿದೆ. ಮನೆಯಲ್ಲೇ ಕೂತು, ಫೋನಿನಲ್ಲಿ ಕಾಣುವ ಸೆರಗಿಗೆ ಮಾತ್ರ ಇಸ್ತ್ರಿ ಮಾಡಿ, ಗೋಡೆಯ ಜೊತೆ ಮಾತಾಡುವ ಸೊಸೆಯ ಬಗ್ಗೆ ಅವರು ನೆಂಟರಿಗೆ ಫೋನಿನಲ್ಲಿ ಹೇಳುತ್ತಿದ್ದುದು ಒಂದೇ ಮಾತು: "ಏನೋ ಮಾಡಾಕತ್ತಾಳವ್ವಾ. ಸಂಬಳ ಬರ್ತೈತಿ, ನಾ ಕೇಳಾಂಗಿಲ್ಲ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅತ್ತೆಗೆ ಅಲ್ಲಿಗಿಂತಲೂ ಮುಂದೆ. ಆದ್ದರಿಂದ ಮನೆಯಲ್ಲಿ ಬೇಸರವೆಂಬುದಿಲ್ಲ.

ಆ ಮಳೆಗಾಲಕ್ಕೆ ನನಗೆ ವಹಿಸಿದ್ದು ಡೆಂಗಿ. ವಿಡಿಯೊಗೆ ಸೊಳ್ಳೆ ಮರಿಗಳು ಬೇಕಾಗಿದ್ದವು. ಚರಂಡಿ, ಗುಂಡಿ ಎಂದು ಗಲ್ಲಿಯೆಲ್ಲ ಗಾಜಿನ ಬಾಟಲಿ ಹಿಡಿದು ಸುತ್ತಿದೆ. ಈ ಸೊಳ್ಳೆಗೆ ಚರಂಡಿ ಸೇರದು, ಅದಕ್ಕೆ ತಿಳಿನೀರೇ ಬೇಕು ಎಂದು ಸ್ಕ್ರಿಪ್ಟಿನಲ್ಲಿ ನಾನೇ ಬರೆದಿದ್ದೆ. ಕೊನೆಗೆ ಸಿಕ್ಕಿದ್ದು ನಮ್ಮ ಹಾಲಿನಲ್ಲಿ, ಟಿವಿ ಪಕ್ಕದ ಮನಿಪ್ಲಾಂಟಿನ ಬಾಟಲಿಯಲ್ಲಿ. ಪುಟ್ಟ ಪುಟ್ಟ ಮರಿಗಳು ಕುಣಿಯುತ್ತ ಮೇಲೆ ಕೆಳಗೆ ಓಡಾಡುತ್ತಿದ್ದವು.

"ಅತ್ತೀ, ನಮ್ಮ ಮನ್ಯಾಗ ಸಿಕ್ಕವು!" ಎಂದು ನಾನು ಖುಷಿಯಿಂದ ಕೂಗಿದೆ.

ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಮುಖ ಕೆಂಪಾಯಿತು. "ಅದು ನಿನ್ನ ಗಿಡ. ನನ್ನ ತುಳಸಿ ಕಟ್ಟಿ ನೋಡು ಹೋಗು, ಒಂದ್ ಹನಿ ನಿಂತಿದ್ರ ಕೇಳು," ಎಂದರು. ಅಂದಿನಿಂದ ಮನಿಪ್ಲಾಂಟು ಮಣ್ಣಿನ ಕುಂಡಕ್ಕೆ ಹೋಯಿತು.

ಎದುರಿನ ಶೆಡ್ಡಿನಿಂದ ಒಬ್ಬ ಹುಡುಗಿ ದಿನಾ ಸಂಜೆ ನಮ್ಮ ಮನೆಗೆ ಫಿಲ್ಟರ್ ನೀರಿಗೆ ಬರುತ್ತಿದ್ದಳು. ಮೊದಲ ದಿನ ಅವಳು ಬಾಗಿಲಲ್ಲಿ ನಿಂತು ತೆಲುಗಿನಲ್ಲಿ ತಡವರಿಸಿದಾಗ ಅತ್ತೆ ಒಳಗಿನಿಂದಲೇ "ಯಾವೂರಾಕಿ ನೀ?" ಎಂದು ಕೇಳಿದ್ದರು. ಆಮೇಲೆ ಅವಳು ನೀರಿಗೆ ಬರುವುದು ಹೆಸರಿಗೆ ಮಾತ್ರವಾಯಿತು. ಅವಳಿಗೆ ಏಳು ತಿಂಗಳು, ಚೊಚ್ಚಲ ಬಸುರಿ. ಅತ್ತೆ ಹುಣಸೆಹಣ್ಣು ಬೆಲ್ಲ ಕುಟ್ಟಿ ಚಿಗಳಿ ಮಾಡಿ ಅವಳಿಗೆಂದೇ ಡಬ್ಬಿಯಲ್ಲಿ ಇಟ್ಟಿರುತ್ತಿದ್ದರು. ನಾನು ಒಂದು ಬಾಯಿಗೆ ಹಾಕಿಕೊಂಡರೆ "ನಿನಗೇನ ಬಸಿರೇನು?" ಎಂದು ಕೈಮೇಲೆ ಹೊಡೆಯುತ್ತಿದ್ದರು. ಹುಡುಗಿ ಕಿಸಕ್ಕೆಂದು ನಗುತ್ತಿದ್ದಳು. ಅವಳ ನಗು ಕೇಳಿದರೆ ನನಗೂ ದಿನದ ದಣಿವು ಇಳಿಯುತ್ತಿತ್ತು.

ಬಸುರಿಗೆ ಡೆಂಗಿ ಬಂದರೆ ತಾಯಿಗೂ ಕೂಸಿಗೂ ಗಂಡಾಂತರ. ಇದನ್ನು ನಾನು ಹತ್ತು ಸಲ ಓದಿದ್ದೆ, ಸ್ಕ್ರಿಪ್ಟಿನಲ್ಲಿ ಬರೆದಿದ್ದೆ. ಹಾಗಾಗಿ ಆ ವರ್ಷದ ವಿಡಿಯೊ ಮಾಡುವಾಗ ನನ್ನ ಮನಸ್ಸಿನಲ್ಲಿ ಇದ್ದವಳು ಅವಳೊಬ್ಬಳೇ. ಶೆಡ್ಡುಗಳಿಗೆ ಟ್ಯಾಂಕರ್ ನೀರು ದಿನ ಬಿಟ್ಟು ದಿನ ಬರುತ್ತದೆ. ನೀಲಿ ಡ್ರಮ್ಮು, ಸ್ಟೀಲಿನ ಕೊಡ, ಪ್ಲಾಸ್ಟಿಕ್ ಕೊಡ, ಬಣ್ಣದ ಖಾಲಿ ಡಬ್ಬಿ, ಹೀಗೆ ಅಲ್ಲಿ ಸಿಕ್ಕ ಪಾತ್ರೆಯಲ್ಲೆಲ್ಲ ನೀರು. ಅಷ್ಟೂ ತಿಳಿನೀರು, ಅಷ್ಟಕ್ಕೂ ಮುಚ್ಚಳವಿಲ್ಲ.

ಬೇಗಂ ಬಜಾರಿಗೆ ಹೋಗಿ, ಅಂಗಡಿಯವನ ಜೊತೆ ಹಿಂದಿಯಲ್ಲಿ ಜಗ್ಗಾಡಿ, ಬಣ್ಣಬಣ್ಣದ ಕೊಡಗಳನ್ನು ಆಟೋದಲ್ಲಿ ಹೇರಿಕೊಂಡು ಬಂದೆ. ಹಸಿರು ಬೆಡ್‌ಶೀಟಿನ ಮುಂದೆ ಸಾಲಾಗಿ ಬೋರಲು ಹಾಕಿದೆ. ಸಂಸ್ಥೆಯ ಎಲ್ಲ ಭಾಷೆಗಳಿಗೂ ಒಂದೇ ಸಂದೇಶವಿತ್ತು: ಶುಕ್ರವಾರ ಒಣ ದಿನ. ಅಂದು ನೀರೆಲ್ಲ ಚೆಲ್ಲಿ, ಪಾತ್ರೆಗಳನ್ನು ತಿಕ್ಕಿ, ಬೋರಲು ಹಾಕಿ ಒಣಗಿಸಬೇಕು. ನಾನು ಹಲ್ಲು ತೋರಿಸಿ ನಕ್ಕು, "ಶುಕ್ರವಾರ ಮರೆಯಬೇಡಿ!" ಎಂದು ಬೆರಳೆತ್ತಿದೆ. ವಿಡಿಯೊ ಕನ್ನಡದ ವಾಟ್ಸ್ಯಾಪ್ ಗುಂಪುಗಳಿಗೆಲ್ಲ ಹೋಯಿತು.

ಹುಡುಗಿಗೆ ಎಲ್ಲಿಲ್ಲದ ಸಂಭ್ರಮ. ಫೋನಿನಲ್ಲಿ ಬಂದ ಅಕ್ಕ ತನಗೆ ದಿನಾ ನೀರು ಕೊಡುವ ಅಕ್ಕ! ಮುಂದಿನ ಶುಕ್ರವಾರ ಎಲ್ಲರೂ ಕೆಲಸಕ್ಕೆ ಹೋದ ಮೇಲೆ, ಶೆಡ್ಡಿನಲ್ಲಿ ಒಬ್ಬಳೇ ಉಳಿದ ಅವಳು ತನ್ನ ಮನೆಯ ಕೊಡಗಳನ್ನೆಲ್ಲ ಬರಿದು ಮಾಡಿ ಬಾಗಿಲ ಮುಂದೆ ಸಾಲಾಗಿ ಬೋರಲು ಹಾಕಿ ನನಗೆ ಫೋಟೊ ಕಳಿಸಿದಳು. ನಾನು ಅದನ್ನು ಆಫೀಸಿನ ಗುಂಪಿಗೆ ಹಾಕಿದೆ. ಚಪ್ಪಾಳೆಯ ಚಿತ್ರಗಳ ಸುರಿಮಳೆಯಾಯಿತು. ಆ ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಭಾನುವಾರ ಅವಳ ಗಂಡನಿಗೆ ಜ್ವರ ಬಂತು.

ಅವನು ಮೆಡಿಕಲ್ ಅಂಗಡಿಗೆ ಹೋಗಿ ಒಂದು ಸೂಜಿ ಹಾಕಿಸಿಕೊಂಡು ಬರುತ್ತೇನೆಂದು ಹೊರಟನಂತೆ. ಹುಡುಗಿ ಬಿಡಲಿಲ್ಲ. ಜ್ವರ ಬಂದರೆ ಸಿಕ್ಕ ನೋವಿನ ಗುಳಿಗೆ ನುಂಗಬೇಡಿ, ಮೊದಲು ರಕ್ತ ಪರೀಕ್ಷೆ ಮಾಡಿಸಿ ಎಂಬ ನನ್ನ ಇನ್ನೊಂದು ವಿಡಿಯೊ ಅವಳಿಗೆ ಬಾಯಿಪಾಠವಾಗಿತ್ತು. ಅತ್ತು ಕರೆದು ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದಳು. ಡೆಂಗಿ ಎಂದರು, ಅಲ್ಲೇ ಇಟ್ಟುಕೊಂಡರು. ಹೊತ್ತಿಗೆ ಸರಿಯಾಗಿ ಬಂದಿದ್ದರಿಂದ ಹೆದರಬೇಕಾದ್ದಿಲ್ಲ ಎಂದೂ ಹೇಳಿದರು.

ನನಗೆ ಇದು ಗೆಲುವಿನಂತೆ ಕಂಡಿತು. ಅವಳ ಅತ್ತೆಗೆ ಬೇರೆಯೇ ಕಂಡಿತು. ಆಕೆಯನ್ನು ಶೆಡ್ಡಿನವರೆಲ್ಲ ದೊಡ್ಡವ್ವ ಎನ್ನುತ್ತಾರೆ. ಅಲ್ಲಿ ಆಕೆ ಹೇಳಿದ್ದೇ ಕಾನೂನು. ಸೋಮವಾರ ಬೆಳಿಗ್ಗೆ ಆಕೆ ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಬಂದು ನನ್ನನ್ನು ಕೆಳಗೆ ಕರೆಸಿದರು.

"ಅಕ್ಕಾರ, ನಿಮಗ ನಾವು ಏನ್ ಮಾಡಿದ್ವಿ?" ಎಂದರು. ದನಿ ಏರಿರಲಿಲ್ಲ. "ಶುಕ್ರವಾರ ದಿನ, ಬಸುರಿ ಹೆಣ್ಣಮಗಳು ಬಾಗಲಾ ಮುಂದ ಕೊಡ ಬೋರಲ ಹಾಕ್ಯಾಳ. ಮೂರನೇ ದಿನಕ್ಕ ನನ್ನ ಮಗ ಮಲಗ್ಯಾನ."

ಸೊಳ್ಳೆ ಕಚ್ಚಿ ಕೆಲವು ದಿನಗಳಾದ ಮೇಲೆ ಜ್ವರ ಬರುವುದು, ಆ ಸೊಳ್ಳೆ ಹಿಂದಿನ ವಾರವೇ ಕಚ್ಚಿರಬೇಕು, ಕೊಡ ಬೋರಲು ಹಾಕಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನಾನು ವಿವರಿಸಿದೆ. ಸರಿಯಾಗಿಯೇ ವಿವರಿಸಿದೆ. ದೊಡ್ಡವ್ವ ತಾಳ್ಮೆಯಿಂದ ಕೇಳಿದರು.

"ಇರಬಹುದ್ರಿ. ನಿಮ್ಮ ಫೋನಿನ್ಯಾಗ ಬೇಕಾದ್ರ ದಿನಾ ಬೋರಲ ಹಾಕ್ರಿ. ನಮ್ಮ ಮನಿ ಮುಂದ ಬ್ಯಾಡ. ಆಕಿನ್ನೂ ನಿಮ್ಮಲ್ಲಿಗೆ ಕಳಸಾಂಗಿಲ್ಲ," ಎಂದು ಹೇಳಿ ಹೊರಟುಹೋದರು.

ಅಂದು ಸಂಜೆ ಹುಡುಗಿ ಬರಲಿಲ್ಲ. ಮರುದಿನವೂ ಇಲ್ಲ. ಬಾಲ್ಕನಿಯಿಂದ ನೋಡಿದರೆ ಡ್ರಮ್ಮುಗಳೆಲ್ಲ ಬಾಯಿ ತೆರೆದುಕೊಂಡು ತುಂಬಿ ನಿಂತಿದ್ದವು. ಗಂಡನನ್ನು ಕಚ್ಚಿದ ಸೊಳ್ಳೆಯೇ ಈಗ ಅವಳನ್ನೂ ಕಚ್ಚಬಹುದು. ಅವಳು ಆ ಡ್ರಮ್ಮುಗಳ ಮಧ್ಯೆಯೇ ಹಗಲೆಲ್ಲ ಕೂತಿರುತ್ತಾಳೆ. ನನಗೆ ಹೆದರಿಕೆಯಾಯಿತು. ಹೆದರಿಕೆಯಾದಾಗ ನಾನು ಬೈಯುತ್ತೇನೆ. ಅಡಿಗೆಮನೆಯಲ್ಲಿ ಪಾತ್ರೆ ಕುಕ್ಕುತ್ತ ಮೂಢನಂಬಿಕೆ, ಅಜ್ಞಾನ, ಇವರಿಗೆ ಎಷ್ಟು ಹೇಳಿದರೂ ಅಷ್ಟೇ ಎಂದು ಒದರಾಡಿದೆ.

ಅತ್ತೆ ಮೆಂತ್ಯಸೊಪ್ಪು ಬಿಡಿಸುತ್ತ ಕೂತಿದ್ದರು. ಚಿಗಳಿಯ ಡಬ್ಬಿ ಎರಡು ದಿನದಿಂದ ಹಾಗೇ ಇತ್ತು.

"ಅದೇನ್ ವಿಡಿಯೊ ಮಾಡೀದಿ, ತೋರಸು," ಎಂದರು.

ನನ್ನ ವಿಡಿಯೊವನ್ನು ಅತ್ತೆ ನೋಡಿದ್ದು ಅದೇ ಮೊದಲು. ಕೊನೆಯವರೆಗೂ ನೋಡಿ ಕನ್ನಡಕ ತೆಗೆದರು.

"ಶುಕ್ರವಾರ ಕೊಡ ಬೋರಲ ಹಾಕು ಅಂತ ನಿನಗ ಯಾರ ಹೇಳಿದ್ರು?"

"ಆಫೀಸಿನವರು, ಅತ್ತೀ."

"ಆಫೀಸಿನ್ಯಾಗ ಯಾರಿಗೂ ಅತ್ತಿ ಇಲ್ಲೇನು?"

ನನಗೆ ನಗು ಬಂತು, ಜೊತೆಗೆ ನಾಚಿಕೆಯೂ ಆಯಿತು. ಗೊತ್ತಿಲ್ಲದ ವಿಷಯವೇ ಇದು? ಶುಕ್ರವಾರ ಲಕ್ಷ್ಮಿಯ ದಿನ. ಅಂದು ನಮ್ಮ ಮನೆಯಲ್ಲೂ ನಸುಕಿನಲ್ಲೇ ಕೊಡ ತುಂಬಿಸಿ ಅರಿಶಿನ ಕುಂಕುಮ ಹಚ್ಚುತ್ತಾರೆ. ಮನೆಯ ನೀರನ್ನೆಲ್ಲ ಚೆಲ್ಲಿ ಕೊಡ ಬೋರಲು ಹಾಕುವುದು ಸಾವಾದ ಮನೆಯಲ್ಲಿ. ಹಸಿರು ಬೆಡ್‌ಶೀಟಿನ ಮುಂದೆ ನಿಂತಾಗ ಇದೊಂದೂ ನೆನಪಾಗಲಿಲ್ಲ. ಸಂದೇಶ ತೆಲುಗಿನಿಂದ ಕನ್ನಡಕ್ಕೆ ಬಂತು, ಆದರೆ ನಮ್ಮ ಹೊಸ್ತಿಲು ದಾಟಲಿಲ್ಲ.

"ಹಂಗಾದ್ರ ಏನ್ ಮಾಡ್ಬೇಕ್ರಿ? ವಾರಕ್ಕೊಮ್ಮೆ ತಿಕ್ಕಿ ಒಣಗಿಸಲಿಲ್ಲಂದ್ರ ಮರಿ ಸೊಳ್ಳಿ ಆಗಿ ಹಾರ್ತಾವ."

"ವಾರಕ್ಕೊಮ್ಮಿ ತಾನ? ಗುರುವಾರ ಆದ್ರ ನಿನ್ನ ಸೊಳ್ಳಿ ಒಲ್ಲೆ ಅಂತಾವೇನು?"

ಅತ್ತೆ ಸೊಪ್ಪು ಬದಿಗಿಟ್ಟು, ಕೈ ಒರೆಸಿಕೊಂಡು, "ಆ ಫೋನ್ ಹಿಡಿ. ನಾ ಮಾತಾಡ್ತೀನಿ," ಎಂದರು.

ನಾನು ಸ್ಟುಡಿಯೊಗೆ ಕರೆದರೆ ಬರಲಿಲ್ಲ. ಮುಖ ತೋರಿಸಲು ಒಪ್ಪಲಿಲ್ಲ. ಸ್ಕ್ರಿಪ್ಟ್ ಕೊಟ್ಟರೆ "ಇದು ನೋಟೀಸ್ ಇದ್ದಂಗ ಐತಿ" ಎಂದು ಅದರ ಮೇಲೆ ಸೊಪ್ಪಿನ ಕಡ್ಡಿ ಹಾಕಿದರು. ಕುಕ್ಕರ್ ಆರಿಸಲು ಹೋದರೆ ಅದಕ್ಕೂ ಬೈದರು. "ಇರ್ಲಿ ಬಿಡು. ಕೂಗಿದ್ರ ಇದು ಮನಿ ಅಂತ ಗೊತ್ತಾಗ್ತೈತಿ." ಹಾಗಾಗಿ ಆ ಧ್ವನಿ ಸಂದೇಶ ಕುಕ್ಕರಿನ ಕೂಗಿನಿಂದಲೇ ಶುರುವಾಗುತ್ತದೆ.

"ನಾ ಎದುರಿನ ಬಿಲ್ಡಿಂಗಿನ ಮುದುಕಿ ಮಾತಾಡಾಕತ್ತೀನಿ. ದೊಡ್ಡವ್ವಾರ, ನಿಮಗ ಹೇಳಾಕತ್ತೀನಿ, ಉಳದವರೂ ಕೇಳ್ರಿ. ನನ್ನ ಸೊಸಿ ಶುಕ್ರವಾರ ಅಂದದ್ದು ತಪ್ಪು. ಆಕಿಗೆ ನಾ ಹೇಳ್ತೀನಿ, ಬಿಡ್ರಿ. ಆದ್ರ ಶುಕ್ರವಾರ ಲಕ್ಷ್ಮಿ ಮನಿಗೆ ಬರ್ತಾಳ. ಬಂದ ಬೀಗರಿಗೆ ನಾವು ಹಳೇ ನೀರು ಕೊಡ್ತೀವೇನ್ರಿ? ಗುರುವಾರ ಸಂಜಿಮುಂದ ಕೊಡ ತಿಕ್ರಿ. ಒಳಗ ಗ್ವಾಡಿಗೆ ಹುಳದ ತತ್ತಿ ಅಂಟಿರ್ತಾವಂತ, ಗಟ್ಟಿ ಕೈಲೆ ತಿಕ್ರಿ. ಬೋರಲ ಬ್ಯಾಡ. ಬಿಸಲಿಗೆ ಬಾಯಿ ಮಾಡಿ ಮಗ್ಗಲಾ ಮಲಗಸ್ರಿ. ವಾರವೆಲ್ಲ ನಿಂತ ಕೊಡ, ಅದಕ್ಕೂ ಒಂದೀಟು ಮಲಗಬೇಕು ಅನಸ್ತೈತಿ. ನೀರೂ ಚೆಲ್ಲಬ್ಯಾಡ್ರಿ, ಅರಿವಿಲೆ ಸೋಸಿ ಒಂದು ಕೊಡಕ್ಕ ತುಂಬ್ರಿ. ಒಂದು ತುಂಬಿರ್ಲಿ, ಉಳದವು ಮಲಗ್ಲಿ. ಆಮ್ಯಾಲೆ ಅದರ ಪಾಳಿ. ಮನಿ ಎಂದೂ ಬರಿದಾಗಾಂಗಿಲ್ಲ. ಆಮ್ಯಾಲೆ ಡ್ರಮ್ಮಿನ ಬಾಯಿಗೆ ಹಳೇ ಪಂಚಿ ಕಟ್ರಿ."

ಇಷ್ಟಕ್ಕೆ ಮುಗಿಯಿತೆಂದು ನಾನು ಗುಂಡಿ ಒತ್ತಲು ಹೋದೆ. ಅತ್ತೆ ಕೈ ಅಡ್ಡ ಹಿಡಿದರು. ದನಿ ಸ್ವಲ್ಪ ತಗ್ಗಿತು.

"ಇನ್ನೊಂದು ಮಾತು. ನನಗೂ ಹಿಂಗ ಏಳು ತಿಂಗಳಾಗಿತ್ರಿ, ಮೊದಲನೇದು. ಮನಿತುಂಬ ತುಂಬಿದ ಕೊಡ ಇದ್ದವು. ಒಂದೂ ಬೋರಲ ಇರ್ಲಿಲ್ಲ. ಜ್ವರ ಬಂತು. ಕೂಸು ಉಳೀಲಿಲ್ಲ. ಯಾವ ಜ್ವರ ಅಂತ ಆವಾಗ ಯಾರೂ ನೋಡ್ಲಿಲ್ಲ, ನನ್ನ ದೈವ ಅಂದ್ರು. ತುಂಬಿದ ಕೊಡ ನನ್ನ ಕೂಸಿನ್ನ ಉಳಸ್ಲಿಲ್ರಿ, ದೊಡ್ಡವ್ವಾರ. ನಿಮ್ಮ ಸೊಸೀನ್ನ ನೀವು ಉಳಿಸ್ಕೋರಿ."

ಮೊದಲಿನದು ಉಳಿಯಲಿಲ್ಲ ಎಂದಷ್ಟೇ ನಾನು ಕೇಳಿದ್ದೆ. ಅದೂ ಗಂಡನ ಬಾಯಿಂದ, ಯಾವಾಗಲೋ ಒಮ್ಮೆ. ಅತ್ತೆ ಅದರ ಬಗ್ಗೆ ಆಡಿದ್ದನ್ನು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಈಗ ಒಂದು ವಾಟ್ಸ್ಯಾಪ್ ಗುಂಪಿಗೆ, ಮುಖವೂ ನೋಡದ ಜನರಿಗೆ ಹೇಳಿಬಿಟ್ಟರು. ಅವರ ಕೈ ಹಿಡಿದುಕೊಳ್ಳಬೇಕೆನಿಸಿತು. ಹಿಡಿದುಕೊಂಡೆ.

"ಆತು ಬಿಡು. ಕೈಯಾಗ ಸೊಪ್ಪಿನ ಮಣ್ಣು ಐತಿ," ಎಂದು ಬಿಡಿಸಿಕೊಂಡರು. "ಕಳಸು ಅದನ್ನ. ಕಳಿಸಿ ಚಾ ಮಾಡು."

ಯಾವ ಸಂದೇಶವೂ ಒಂದು ನಿಮಿಷ ದಾಟಬಾರದು ಎಂಬುದು ನಮ್ಮ ಸಂಸ್ಥೆಯ ಕಟ್ಟಪ್ಪಣೆ. ಇದು ಎಷ್ಟೋ ದಾಟಿತ್ತು. ಕತ್ತರಿಸುವ ಮನಸ್ಸಾಗಲಿಲ್ಲ, ಧೈರ್ಯವೂ ಇರಲಿಲ್ಲ. ಶೆಡ್ಡಿನವರ ಗುಂಪಿಗೆ ಹಾಗೇ ಕಳಿಸಿದೆ.

ಗುರುವಾರ ಮಧ್ಯಾಹ್ನ ಮೋಡ ಸರಿದು ಬಿಸಿಲು ಬಿತ್ತು. ಅತ್ತೆ ಕುರ್ಚಿ ಎಳೆದುಕೊಂಡು ಬಾಲ್ಕನಿಯಲ್ಲಿ ಕೂತರು. ತಾವು ಹಪ್ಪಳ ಕಾಯುತ್ತಿರುವುದಾಗಿ ಹೇಳಿದರು. ಹಪ್ಪಳ ಒಂದೂ ಇರಲಿಲ್ಲ. ನಾನೂ ಲ್ಯಾಪ್‌ಟಾಪ್ ತಂದು ಪಕ್ಕದಲ್ಲೇ ಕೂತೆ. ಸಂಜೆ ಆಫೀಸಿನ ಮೀಟಿಂಗ್ ಶುರುವಾಯಿತು. ಯಾರು ಏನು ಹೇಳಿದರೋ ಒಂದೂ ತಲೆಗೆ ಹೋಗಲಿಲ್ಲ.

ಕೆಲಸ ಬಿಟ್ಟು ಜನ ಶೆಡ್ಡಿಗೆ ಬಂದರು. ಹೆಂಗಸರು ಒಲೆ ಹಚ್ಚಿದರು. ಡ್ರಮ್ಮುಗಳು ನಿಂತಲ್ಲೇ ನಿಂತಿದ್ದವು. ಬಿಸಿಲು ಗೋಡೆಯ ಮೇಲಿನಿಂದ ಇಳಿಯತೊಡಗಿತು. ಆಗ ದೊಡ್ಡವ್ವ ಒಂದು ಸ್ಟೀಲಿನ ಕೊಡ ಎತ್ತಿಕೊಂಡು ಹೊರಗೆ ಬಂದರು. ಬಟ್ಟೆ ಕಟ್ಟಿ ನೀರನ್ನು ಇನ್ನೊಂದಕ್ಕೆ ಸೋಸಿದರು. ಕೂತು, ಇಟ್ಟಿಗೆ ಪುಡಿ ಹಚ್ಚಿ, ಇಡೀ ಗಲ್ಲಿಗೆ ಕೇಳುವ ಹಾಗೆ ಗರಗರ ತಿಕ್ಕಿದರು. ಆಮೇಲೆ ಅದನ್ನು ಉಳಿದ ಬಿಸಿಲಿಗೆ ಬಾಯಿ ಮಾಡಿ, ಕೂಸನ್ನು ಮಲಗಿಸಿದಂತೆ ಮಗ್ಗುಲಾಗಿ ಮಲಗಿಸಿದರು.

ಅದನ್ನು ನೋಡಿ ಪಕ್ಕದ ಶೆಡ್ಡಿನವಳು ತನ್ನ ಕೊಡ ತಂದಳು. ಅವಳ ಹಿಂದೆ ಇನ್ನೊಬ್ಬಳು. ಹೊತ್ತು ಮುಳುಗುವಷ್ಟರಲ್ಲಿ ಆ ಸಾಲಿನ ತುಂಬ ಕೊಡಗಳು ಮಲಗಿದ್ದವು. ನಾನು ಮೀಟಿಂಗಿನಲ್ಲಿದ್ದುದನ್ನು ಮರೆತು ಜೋರಾಗಿ ಕಿರುಚಿದೆ. ಲ್ಯಾಪ್‌ಟಾಪಿನಿಂದ "ಏಮಯಿಂದಿ?" ಎಂದು, ಏನಾಯಿತೆಂದು ತೆಲುಗಿನಲ್ಲಿ ಕೇಳುವ ಗಾಬರಿಯ ದನಿ ಬಂತು. ಅತ್ತೆ ಪರದೆಯತ್ತ ಬಗ್ಗಿ, "ಕೊಡ ಮಲಗಿದವ್ರಿ," ಎಂದು ಕನ್ನಡದಲ್ಲೇ ಉತ್ತರ ಕೊಟ್ಟರು.

ಮರುದಿನ ಸಂಜೆ ಹುಡುಗಿ ನೀರಿಗೆ ಬಂದಳು. ಚಿಗಳಿಯ ಡಬ್ಬಿ ಅಂದೇ ಖಾಲಿಯಾಯಿತು. ಅವಳ ಗಂಡ ಸೊರಗಿದ ಮುಖ ಹೊತ್ತು ದವಾಖಾನೆಯಿಂದ ಮನೆಗೆ ಬಂದ. ಅತ್ತೆಯ ಸಂದೇಶ ಗುಂಪಿನಿಂದ ಗುಂಪಿಗೆ ಹಾರಿ, ಈ ಊರಿನಲ್ಲಿ ನಮ್ಮ ಜನ ಇರುವ ಎಷ್ಟೋ ಶೆಡ್ಡುಗಳಿಗೆ ಹೋಯಿತು. ತೆಲುಗಿನಲ್ಲೂ ಬೇಕೆಂದು ಆಫೀಸಿನವರು ಕೇಳಿದಾಗ ಅತ್ತೆ ಅರ್ಧ ಕನ್ನಡ ಬೆರೆಸಿ ಅದನ್ನೂ ಹೇಳಿದರು. ಈಗ ನೆಂಟರ ಫೋನು ಬಂದರೆ "ತಡೀರಿ, ರೆಕಾರ್ಡಿಂಗ್ ನಡದೈತಿ" ಎನ್ನುತ್ತಾರೆ. ಹಸಿರು ಬೆಡ್‌ಶೀಟು ನನಗೆ ಸಿಗುವುದೇ ಕಷ್ಟವಾಗಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಹುಡುಗಿ ಹೆತ್ತಳು. ಹೆಣ್ಣು ಕೂಸು. ತಾಯಿಗೂ ಕೂಸಿಗೂ ಏನೂ ತೊಂದರೆಯಾಗಲಿಲ್ಲ, ಜ್ವರ ಹತ್ತಿರ ಸುಳಿಯಲಿಲ್ಲ. ಕೊಡ ಮಲಗಿಸಿದ್ದರಿಂದಲೇ ಹೀಗಾಯಿತೆಂದು ನಮ್ಮ ಸಂಸ್ಥೆ ಎಲ್ಲೂ ಬರೆಯಲಾರದು. ನಾನೂ ಆಣೆ ಮಾಡಲಾರೆ. ಸಂತೋಷಪಡುವುದಕ್ಕೆ ಅದೇನೂ ಅಡ್ಡ ಬರಲಿಲ್ಲ.

ಬಾಣಂತಿ ಮತ್ತೆ ನೀರು ಮುಟ್ಟುವ ಮೊದಲು ಗಂಗಿ ಪೂಜೆ ಮಾಡುತ್ತಾರೆ. ಊರಿನಲ್ಲಾದರೆ ಬಾವಿಗೆ. ಇಲ್ಲಿ ಬಾವಿ ಎಲ್ಲಿಂದ ತರುವುದು? ನೀಲಿ ಡ್ರಮ್ಮಿಗೇ ಅರಿಶಿನ ಕುಂಕುಮ ಹಚ್ಚಿ, ಬಾಯಿಗೆ ಕಟ್ಟಿದ ಪಂಚೆಯ ಮೇಲೆ ಹೂವಿಟ್ಟಿದ್ದರು. ನಮ್ಮನ್ನು ಕರೆದಿದ್ದರು. ಅತ್ತೆ ಗುಗ್ಗರಿ ಮಾಡಿಕೊಂಡು ಬಂದಿದ್ದರು. ಬಾಣಂತಿಯ ಸೊಂಟಕ್ಕೆ ಇಡುವ ಮೊದಲ ಕೊಡವನ್ನು ಮುತ್ತೈದೆ ತುಂಬಬೇಕು, ಅದು ಪದ್ಧತಿ. ಹಾಗಾಗಿ ಅತ್ತೆ ತಾವಾಗಿಯೇ ಹಿಂದೆ ಸರಿದು ಗೋಡೆಯ ಹತ್ತಿರ ನಿಂತರು.

ದೊಡ್ಡವ್ವ ಬಿಸಿಲಲ್ಲಿ ಮಲಗಿದ್ದ ಸ್ಟೀಲಿನ ಕೊಡ ಎತ್ತಿದರು. ನೆರೆದ ಹೆಂಗಸರನ್ನೆಲ್ಲ ದಾಟಿ ನಡೆದುಬಂದು ಅದನ್ನು ಅತ್ತೆಯ ಮುಂದೆ ಹಿಡಿದರು.

"ಅಮ್ಮಾರ, ನೀವ ತುಂಬ್ರಿ."

"ನನಗ ಯಾಕ ಕೊಡ್ತೀರವ್ವಾ? ನಾ ಗಂಡ ಇಲ್ಲದಾಕಿ," ಎಂದರು ಅತ್ತೆ. "ಮ್ಯಾಲೆ ನನ್ನ ಮೊದಲನೇದು..."

"ಗೊತ್ತೈತ್ರಿ. ನೀವ ಹೇಳೀರಲ್ಲ. ಅದಕ್ಕ ನಿಮ್ಮ ಕೈಲೇ ಬೇಕು."

ಅತ್ತೆಯ ಕಣ್ಣು ತುಂಬಿತ್ತು, ನನ್ನದೂ. ಅವರು ಕೊಡ ತೆಗೆದುಕೊಂಡರು. ತುಂಬುವ ಮೊದಲು ಒಳಗೆ ಕೈ ಹಾಕಿ ತಳದಿಂದ ಕಂಠದವರೆಗೆ ಬೆರಳಿನಿಂದ ಸವರಿ ನೋಡಿದರು.

"ಚಲೋ ತಿಕ್ಕೀರಿ," ಎಂದು ಹೇಳಿ ನೀರು ತುಂಬಿದರು.